ಸಿಕಲ್ ಸೆಲ್ ರೋಗಿಗಳ ಪ್ರಯಾಣ ನಿಧಿಗೆ ದೇಣಿಗೆ ಮನವಿ

ಮಾನ್ಯರೇ,

ಚಾಮರಾಜನಗರ ಜಿಲ್ಲೆಯ ಸೋಲಿಗರ ಪೋಡುಗಳಲ್ಲಿಯೂ ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರ ಹಾಡಿಗಳಲ್ಲಿಯೂ (ಈ ಬುಡಕಟ್ಟು ಜನರ ವಸತಿಗಳಿಗೆ ಪೋಡು, ಹಾಡಿ ಎನ್ನುತ್ತಾರೆ) ಸಿಕಲ್ ಸೆಲ್ ರಕ್ತಹೀನತೆಯಿಂದ ನರಳುತ್ತಿರುವ ಕುಟುಂಬಗಳಿವೆ. ತಂದೆತಾಯಿಯಿಂದ ಬರುವ ಈ ಕಾಯಿಲೆಯಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಕೈಕಾಲು ಎದೆಗಳಲ್ಲಿ ತಡೆಯಲಾರದ ನೋವನ್ನು ತರುತ್ತವೆ. ಹೊರಗೆ ಗಾಯ ಕಾಣದ ಕಾರಣ ಎಷ್ಟೋ ಮನೆಗಳಲ್ಲಿ ಇದನ್ನು ಮೈಕೈ ನೋವೆಂದೇ ತಿಳಿದು ಸುಮ್ಮನಾಗುತ್ತಾರೆ.

ಕೇಂದ್ರ ಸರ್ಕಾರವು 2047ರೊಳಗೆ ಈ ರೋಗವನ್ನು ನಿರ್ಮೂಲ ಮಾಡುವ ಗುರಿಯೊಂದಿಗೆ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ನೋವಿನ ಬಾಧೆಯನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಯೂ ಇದೆ. ಆದರೆ ಅದನ್ನು ಪ್ರತಿದಿನ ತಪ್ಪದೆ ಸೇವಿಸಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಚಿಕಿತ್ಸೆ ಮುರಿದು ಬೀಳುವುದು ಇಲ್ಲಿಯೇ.

ಕಳೆದ ಮಳೆಗಾಲದಲ್ಲಿ ಒಂದು ಪೋಡಿಗೆ ಹೋದಾಗ, ತಾಯಿಯೊಬ್ಬರು ಸೂರಿನ ಗಳುವಿಗೆ ಸಿಕ್ಕಿಸಿಟ್ಟಿದ್ದ ಪ್ಲಾಸ್ಟಿಕ್ ಕವರನ್ನು ಬಿಚ್ಚಿ, ಪಡಿತರ ಚೀಟಿಯ ಜೊತೆ ಜೋಪಾನವಾಗಿಟ್ಟಿದ್ದ ಮಗನ ರಕ್ತಪರೀಕ್ಷೆಯ ಕಾರ್ಡನ್ನು ತೋರಿಸಿದರು. ಅದರೊಡನೆ ಇದ್ದ ಮಾತ್ರೆಯ ಶೀಟು ಖಾಲಿಯಾಗಿತ್ತು. ಅವರನ್ನು ಅಲಕ್ಷ್ಯದವರೆನ್ನಲು ನಮಗೆ ಮನಸ್ಸು ಬರುವುದಿಲ್ಲ. ಆನೆ ಅಡ್ಡಾಡುವ ದಾರಿಯಲ್ಲಿ ಬೆಳಕು ಹರಿದ ಮೇಲೆ ನಡೆದು ಬಸ್ಸು ಹಿಡಿಯಬೇಕು, ವರದಿಗಾಗಿ ಕಾಯಬೇಕು, ಸಂಜೆಯ ಬಸ್ಸು ತಪ್ಪಿದರೆ ಪಟ್ಟಣದಲ್ಲೇ ಉಳಿಯಬೇಕು. ಅಷ್ಟರಲ್ಲಿ ಎರಡು ದಿನದ ಕೂಲಿ ಹೋಗಿರುತ್ತದೆ.

ಆದ್ದರಿಂದ ನಮ್ಮ ಟ್ರಸ್ಟ್ ಈ ವರ್ಷ ಪ್ರಯಾಣ ನಿಧಿಯೊಂದನ್ನು ಕೂಡಿಸುತ್ತಿದೆ. ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಜೀಪಿನ ಬಾಡಿಗೆ, ಜೊತೆಗೆ ಬರುವವರ ಊಟ, ತಪ್ಪಿದ ಕೂಲಿಗೆ ಬದಲಾಗಿ ಕೊಡುವ ಭತ್ಯೆ ಹಾಗೂ ಸಮುದಾಯದವರೇ ಆದ ಆರೋಗ್ಯ ಕಾರ್ಯಕರ್ತೆಯರ ಗೌರವಧನಕ್ಕೆ ಮಾತ್ರ ಈ ಹಣವನ್ನು ಬಳಸಲಾಗುವುದು. ಕಟ್ಟಡಕ್ಕೆ ಒಂದು ರೂಪಾಯಿಯೂ ಹೋಗುವುದಿಲ್ಲ. ಇವುಗಳಲ್ಲಿ ಕಾರ್ಯಕರ್ತೆಯರ ಕೆಲಸವೇ ಎಲ್ಲಕ್ಕಿಂತ ಮುಖ್ಯವೆಂದು ನಾವು ನಂಬಿದ್ದೇವೆ. ಗಂಡ ಹೆಂಡತಿ ಇಬ್ಬರೂ ಈ ರೋಗದ ವಾಹಕರಾಗಿದ್ದರೆ, ಅಂದರೆ ತಾವು ರೋಗಿಗಳಲ್ಲದಿದ್ದರೂ ರೋಗದ ಅಂಶವನ್ನು ಮಕ್ಕಳಿಗೆ ದಾಟಿಸಬಲ್ಲವರಾಗಿದ್ದರೆ, ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮದುವೆಯ ಮಾತುಕತೆಗೆ ಮೊದಲೇ, ಹುಡುಗಿಯ ಮೇಲೆ ದೂರು ಬಾರದ ರೀತಿಯಲ್ಲಿ ಇದನ್ನು ತಿಳಿಸಬೇಕಾಗುತ್ತದೆ. ಹೊರಗಿನಿಂದ ಬಂದ ನಾವು ಹೇಳಿದರೆ ಆ ಮಾತು ನಾಟುವುದಿಲ್ಲ, ಪೋಡಿನ ಹೆಣ್ಣುಮಕ್ಕಳೇ ಹೇಳಬೇಕು.

ದೇಣಿಗೆಯನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಕಳುಹಿಸಬೇಕೆಂದು ಕೋರುತ್ತೇವೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ, ದಾನಿಗಳಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ದೊರೆಯುವುದಿಲ್ಲ. ಸ್ವಂತ ಜೀಪು ಇರುವವರು ತಿಂಗಳಿಗೊಂದು ದಿನ ಅದನ್ನು ಬಿಟ್ಟುಕೊಟ್ಟರೂ ದೊಡ್ಡ ಉಪಕಾರವಾಗುತ್ತದೆ. ಜೂನ್ ತಿಂಗಳ ಮಳೆ ಹಿಡಿಯುವ ಮೊದಲೇ ನೆರವು ತಲುಪಿದರೆ, ಯಾವ ಪೋಡಿಗೆ ಯಾವ ವಾರ ಜೀಪು ಬರುತ್ತದೆಂಬುದನ್ನು ಮನೆಮನೆಗೆ ಹೋಗಿ ತಿಳಿಸಲು ನಮಗೆ ಅನುಕೂಲವಾಗುತ್ತದೆ.

ಇತಿ,
ಕಾರ್ಯದರ್ಶಿ ಹಾಗೂ ಟ್ರಸ್ಟಿಗಳು