ಚಿಪ್ಪಿನಲ್ಲಿ ಕೆಂಡ ಒಯ್ದ ಹಾಗೆ

ಪ್ರೀತಿಯ ಗೆಳೆಯ,

ಮೊನ್ನೆ ನೀನು ಫೋನ್ ಮಾಡಿದಾಗ ಬಸ್ಸಿನಲ್ಲಿ ನೇತಾಡುತ್ತಿದ್ದೆ, ಅರ್ಧಂಬರ್ಧ ಉತ್ತರ ಕೊಟ್ಟೆ. ಅತ್ತಿಗೆಗೆ ಏಳು ತುಂಬಿದೆ, ಕ್ಯಾಲ್ಸಿಯಂ ಮಾತ್ರೆ ಕಂಡರಾಗದು, ನಿಮ್ಮಮ್ಮ ಬೇರೆ "ಹೆರಿಗೆಗೊಂದು ಹಲ್ಲು ಹೋಗುತ್ತೆ" ಅಂತ ಹೆದರಿಸುತ್ತಿದ್ದಾರೆ. ಅಲ್ವಾ?

ಹಲ್ಲಿನ ಚಿಂತೆ ಬಿಡು. ಮಗು ಹಲ್ಲಿನಿಂದ ಏನೂ ಕೀಳುವುದಿಲ್ಲ. ಊಟದಲ್ಲಿ ಸಾಲದೆ ಹೋದರೆ ತಾಯಿಯ ಮೂಳೆಗೆ ಕೈ ಹಾಕುತ್ತದೆ. ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ಸೇರುವುದು ಈ ಕೊನೆಯ ಮೂರು ತಿಂಗಳಲ್ಲೇ.

ತಮಾಷೆ ಏನು ಗೊತ್ತಾ? ಮಗುವಿನ ರಕ್ತದಲ್ಲಿ ತಾಯಿಯ ರಕ್ತಕ್ಕಿಂತ ಕ್ಯಾಲ್ಸಿಯಂ ಹೆಚ್ಚು. ಅಂದರೆ ತಾನಾಗಿ ಹರಿದು ಹೋಗುವುದಿಲ್ಲ, ಏತ ಹಾಕಿ ಎತ್ತಬೇಕು. ಎತ್ತುವುದು ಮಾಸು, ಅಂದರೆ ಗರ್ಭದಲ್ಲಿ ತಾಯಿ-ಮಗುವನ್ನು ಜೋಡಿಸುವ ಪ್ಲಾಸೆಂಟಾ. ಓದುವಾಗ ಒಮ್ಮೆ ಲ್ಯಾಬಿನಲ್ಲಿ ಮಾಸನ್ನು ಕೈಯಲ್ಲಿ ಹಿಡಿದಿದ್ದೆ. ರೊಟ್ಟಿಯಷ್ಟಗಲ, ಅರ್ಧ ಕೆಜಿ ತೂಕ. ತಾಯಿಯ ಕಡೆಯ ಮೈ ಮೇಲೆ ಬೆರಳಾಡಿಸಿದರೆ ಅಲ್ಲಲ್ಲಿ ಮರಳಿನ ಹಾಗೆ ಚರಚರ. ಅದೂ ಕ್ಯಾಲ್ಸಿಯಮ್ಮೇ, ದಾರಿಯಲ್ಲಿ ಉಳಿದುಬಿಟ್ಟದ್ದು.

ಕ್ಯಾಲ್ಸಿಯಂ ಜೀವಕೋಶಕ್ಕೆ ಕೆಂಡ ಇದ್ದ ಹಾಗೆ. ಕೋಶದೊಳಗೆ ಬಿಡಿಯಾಗಿ ಇರಬಹುದಾದದ್ದು ರಕ್ತದಲ್ಲಿರುವುದರ ಹತ್ತು ಸಾವಿರದಲ್ಲೊಂದು ಪಾಲು. ತೀರಾ ಮೀರಿ ಹಾಗೇ ಉಳಿದರೆ ಕೋಶವೇ ಸಾಯಬಹುದು. ಹಾಗಿದ್ದೂ ದಿನಕ್ಕೆ 300 ಮಿಲಿಗ್ರಾಂನಷ್ಟು ಮಾಸಿನ ಕೋಶಗಳ ಮೂಲಕವೇ ದಾಟಬೇಕು! ನಮ್ಮಜ್ಜಿ ಪಕ್ಕದ ಮನೆಯಿಂದ ತೆಂಗಿನ ಚಿಪ್ಪಿನಲ್ಲಿ ಕೆಂಡ ತರುತ್ತಿದ್ದರಲ್ಲ, ಅದೇ ಉಪಾಯ ಇಲ್ಲೂ. ತಾಯಿಯ ಕಡೆ ಟಿಆರ್‌ಪಿವಿ6 ಅನ್ನುವ ಬಾಗಿಲು. ಒಳಗೆ ಬಂದದ್ದನ್ನು ಕ್ಯಾಲ್‌ಬೈಂಡಿನ್ ಅನ್ನುವ ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಅದರ ಚಿಕ್ಕ ಜಾತಿ, ಡಿ9ಕೆ, ಒಂದು ಸಲಕ್ಕೆ ಎರಡು ಕಣ ಹೊರುತ್ತದೆ. ಮಗುವಿನ ಕಡೆಯ ಪಂಪು ಅವನ್ನು ಇಳಿಸಿಕೊಂಡು ಆಚೆ ತಳ್ಳುತ್ತದೆ. ಇಲಿಗಳಲ್ಲಿ ಈ ಪ್ರೋಟೀನ್ ಬಸಿರಿನ ಕೊನೆಯ ವಾರದಲ್ಲಿ ಏರುತ್ತದೆ. ಮರಿಗಳ ಮೂಳೆ ಗಟ್ಟಿಯಾಗುವುದೂ ಆಗಲೇ.

ಈ ಬಳಗದ ಪ್ರೋಟೀನನ್ನು 1966ರಲ್ಲಿ ವಾಸರ್‌ಮನ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಮೊದಲು ಕಂಡದ್ದು ಕೋಳಿಮರಿಯ ಕರುಳಿನಲ್ಲಿ. ಅತ್ತಿಗೆಯ ಕರುಳಿನಲ್ಲೂ ಇದೇ ಬಳಗದ್ದು ಇದೆ. ಬಸಿರಿನಲ್ಲಿ ಕರುಳು ಕ್ಯಾಲ್ಸಿಯಂ ಹೀರುವುದು ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಆದರೆ ಹೀರಲು ತಟ್ಟೆಯಲ್ಲಿ ಇರಬೇಕಲ್ಲ! ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೇ ಇದೆ, ಆದರೆ ಅಷ್ಟೂ ಮೈಗೆ ಹತ್ತುವುದಿಲ್ಲ.

ಮಾತ್ರೆ ದೊಡ್ಡದು, ನುಂಗಲಾಗದು ಅನ್ನುವುದು ಸುಳ್ಳಲ್ಲ. ಬೆಂಗಳೂರಿನಲ್ಲಿ 11,000 ಚೊಚ್ಚಲ ಬಸುರಿಯರ ಮೇಲೆ ನಡೆದ ಅಧ್ಯಯನ 2024ರಲ್ಲಿ ಬಂತು. ಬಸಿರಿನ ಬಿಪಿ ತೊಂದರೆ ತಡೆಯಲು ದಿನಕ್ಕೆ 1500 ಮಿಲಿಗ್ರಾಂ ಕ್ಯಾಲ್ಸಿಯಂಗಿಂತ 500 ಮಿಲಿಗ್ರಾಂ ಏನೂ ಕಡಿಮೆಯಿಲ್ಲ ಎಂದು ತೋರಿಸಿತು. ಹಾಗಂತ ನೀವೇ ಕಡಿಮೆ ಮಾಡಬೇಡಿ, ಡಾಕ್ಟರನ್ನು ಕೇಳಿ. ಕಬ್ಬಿಣದ ಮಾತ್ರೆಯ ಜೊತೆ ಮಾತ್ರ ಒಟ್ಟಿಗೆ ಕೊಡಬೇಡ, ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ.

ಸೀಮಂತದ ದಿನ ಬೇಗ ತಿಳಿಸು, ರಜೆ ಹಾಕಬೇಕು. ನಿಮ್ಮಮ್ಮನಿಗೆ ಹಲ್ಲಿನ ವಿಷಯ ನಾನೇ ಬಂದು ಹೇಳುತ್ತೇನೆ, ನೀನು ಹೇಳಿದರೆ ಬೈಸಿಕೊಳ್ಳುತ್ತೀಯ.

ನಿನ್ನ ಗೆಳೆಯ