ತಮ್ಮನಿಗೆ, ಬೈಪ್ಲೇನ್ ರೆಕ್ಕೆ ಜೋಡಿಸುವ ಬಗ್ಗೆ

ಪ್ರೀತಿಯ ತಮ್ಮಾ,

ನಿನ್ನ ರಿಮೋಟ್ ಬೈಪ್ಲೇನಿನ, ಅಂದರೆ ಒಂದರ ಮೇಲೊಂದು ಎರಡು ರೆಕ್ಕೆ ಇರುವ ಆ ಮಾದರಿ ವಿಮಾನದ, ಫೋಟೋ ನೋಡಿದೆ. ಬಾಡಿ ಚೆನ್ನಾಗಿ ಬಂದಿದೆ. ರೆಕ್ಕೆಗೆ ಇನ್ನೂ ಕೈ ಹಾಕಿಲ್ಲ ಅಂದೆಯಲ್ಲ, ಸದ್ಯ ಅಲ್ಲೇ ನಿಲ್ಲಿಸು. ಕಿಟ್‌ನಲ್ಲಿ ಹೇಳಿದ ಹಾಗೇ ಮಾಡಿದರೆ ಹಾರಿಸುವುದಕ್ಕಿಂತ ಜೋಡಿಸುವುದರಲ್ಲೇ ಹೊತ್ತು ಹೋಗುತ್ತದೆ. ವಾಟ್ಸಾಪಿನಲ್ಲಿ ಇಷ್ಟೆಲ್ಲ ಬರೆಯುವುದು ನನ್ನಿಂದಾಗದ ಕೆಲಸ, ಅದಕ್ಕೇ ಪತ್ರ. ಆಯಿಗೆ ಓದಿ ಹೇಳುವಾಗ ಮಧ್ಯದ್ದೆಲ್ಲ ಬಿಟ್ಟು ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ ಅಂತ ಮಾತ್ರ ಹೇಳು.

ಇಲ್ಲಿ ಇಂಗ್ಲೆಂಡಿನಲ್ಲಿ ಭಾನುವಾರ ಬಯಲಿಗೆ ಹೋದರೆ ಒಂದು ತಮಾಷೆ ಕಾಣುತ್ತದೆ. ಒಂದೇ ರೆಕ್ಕೆಯ ವಿಮಾನದವರು ಎರಡು ಬೋಲ್ಟ್ ತಿರುಗಿಸಿ, ಹಾರಿಸಿ, ಇಳಿಸಿ, ಫ್ಲಾಸ್ಕಿನ ಚಹಾ ಕುಡಿಯುತ್ತಾ ಇರುತ್ತಾರೆ. ಬೈಪ್ಲೇನಿನವನು ಮಾತ್ರ ಇನ್ನೂ ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ, ಬಿದ್ದ 3 ಮಿಮೀ ಸ್ಕ್ರೂ ಹುಡುಕುತ್ತಿರುತ್ತಾನೆ. ಅವನದ್ದೂ ತಪ್ಪಲ್ಲ. ಕೆಳಗಿನ ರೆಕ್ಕೆಗೆ ಎರಡು ಬೋಲ್ಟ್, ಮೇಲಿನ ರೆಕ್ಕೆಯನ್ನು ಬಾಡಿಯ ಮೇಲೆ ಹಿಡಿಯುವ ಕಬೇನ್ ಸ್ಟ್ರಟ್‌ಗೆ ನಾಲ್ಕು ಸ್ಕ್ರೂ, ಎರಡೂ ರೆಕ್ಕೆ ಸೇರಿಸುವ ಕಂಬಗಳಿಗೆ ಇನ್ನಷ್ಟು, ಆಮೇಲೆ ರೆಕ್ಕೆಗಳ ನಡುವೆ ಕಟ್ಟುವ ತಂತಿ, ಸರ್ವೋ ಅನ್ನುವ ಪುಟ್ಟ ಮೋಟಾರಿನ ವೈರು. ಗಾಳಿ ಬೀಸುತ್ತಿದ್ದರೆ ಅಷ್ಟು ಹೊತ್ತು ರೆಕ್ಕೆ ಹಿಡಿದುಕೊಳ್ಳಲು ಇನ್ನೊಬ್ಬ ಬೇಕು.

ಹಾಗಾಗಿ ನಾನು ಹೇಳುವುದು ಇಷ್ಟೇ: ಮೇಲಿನ ರೆಕ್ಕೆಯನ್ನೂ ಕೆಳಗಿನ ರೆಕ್ಕೆಯನ್ನೂ ಒಂದರಿಂದ ಒಂದು ಬಿಚ್ಚಲೇಬೇಡ. ಎಡಗಡೆಯ ಎರಡು ರೆಕ್ಕೆ, ನಡುವಿನ ಕಂಬ ಸೇರಿ ಒಂದು ಗೂಡು. ಬಲಗಡೆ ಇನ್ನೊಂದು. ಮೇಲಿನ ರೆಕ್ಕೆಯ ನಡುವಿನ ತುಂಡು ಕಬೇನ್ ಮೇಲೆ ಖಾಯಂ ಕೂತಿರಲಿ. ಅದರಲ್ಲೊಂದು ಅಡ್ಡ ಪೈಪು, ಬಾಡಿಯಲ್ಲೊಂದು ಅಡ್ಡ ಪೈಪು, ಎರಡೂ ಕಾರ್ಬನ್ ಅಥವಾ ಅಲ್ಯುಮಿನಿಯಂ. ಬಯಲಿನಲ್ಲಿ ಗೂಡನ್ನು ಪೈಪಿಗೆ ತೂರಿಸಿ ತಳ್ಳಿದರೆ ಮುಗಿಯಿತು. ಭಾರವನ್ನು ಪೈಪು ಹೊರುತ್ತದೆ. ರೆಕ್ಕೆ ತಿರುಚಿಕೊಳ್ಳದ ಹಾಗೆ ಹಿಂದುಗಡೆ ಒಂದು ಸಣ್ಣ ಪಿನ್ ಸಾಕು. ಜಾರಿ ಹೊರಗೆ ಬರದಂತೆ ಒಳಗಡೆಯಿಂದ ಒಂದೊಂದು ನೈಲಾನ್ ಬೋಲ್ಟ್. ಸ್ಟೀಲ್ ಹಾಕಬೇಡ, ರೆಕ್ಕೆಯ ತುದಿ ನೆಲಕ್ಕೆ ಬಡಿದಾಗ ನೈಲಾನ್ ತಾನು ಮುರಿದು ರೆಕ್ಕೆ ಉಳಿಸುತ್ತದೆ. ಬೋಲ್ಟಿಗೆ ಸಿಲಿಕೋನ್ ಇಂಧನ ಟ್ಯೂಬಿನ ಒಂದು ಚೂರು ಸಿಕ್ಕಿಸಿಡು, ಆಗ ಸಡಿಲ ಮಾಡಿದರೂ ಅದು ಬಾಡಿಯಲ್ಲೇ ಇರುತ್ತದೆ, ಹುಲ್ಲಿಗೆ ಬೀಳುವುದಿಲ್ಲ.

ಕಷ್ಟ ಇರುವುದು ಒಂದೇ ಕಡೆ. ಎರಡು ಪೈಪೂ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು, ಮೇಲಿನಿಂದ ನೋಡಿದರೂ ಎದುರಿನಿಂದ ನೋಡಿದರೂ. ಕೂದಲೆಳೆಯಷ್ಟು ಓರೆಯಾದರೂ ಗೂಡು ಅರ್ಧ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಒಳಗಿನ ತೋಳುಗಳನ್ನು, ಅಂದರೆ ಪೈಪು ತೂರುವ ಕೊಳವೆಗಳನ್ನು, ಬೇರೆಬೇರೆ ಅಂಟಿಸಬೇಡ. ಪೈಪಿಗೆ ಮೇಣ ಸವರಿ, ತೋಳು ಹಾಕಿ, ಇಡೀ ವಿಮಾನವನ್ನು ಮೇಜಿನ ಮೇಲೆ ಜೋಡಿಸಿ, ಅಳೆದು, ಆಮೇಲೆ ನಿಧಾನ ಗಟ್ಟಿಯಾಗುವ ಎಪಾಕ್ಸಿ ಅಂಟು ಹಾಕು. ಐದು ನಿಮಿಷದ್ದು ಬೇಡ, ಸರಿಪಡಿಸಲು ಪುರುಸೊತ್ತು ಕೊಡುವುದಿಲ್ಲ. ತೋಳು ರಟ್ಟಿನದ್ದು ಬೇಡವೇ ಬೇಡ. ಕಾರವಾರದ ಜುಲೈ ತಿಂಗಳು ನಿನಗೆ ಗೊತ್ತಲ್ಲ, ಹಿತ್ತಿಲ ಬಾಗಿಲು ಹಿಡಿದುಕೊಂಡ ಹಾಗೆ ಅದೂ ಹಿಡಿದುಕೊಳ್ಳುತ್ತದೆ. ಫೈಬರ್‌ಗ್ಲಾಸ್ ತಗೋ. ಉಪ್ಪು ಗಾಳಿಗೆ ಉಳಿದ ಸ್ಕ್ರೂ, ಕ್ಲಿಪ್ಪು ಎಲ್ಲ ಸ್ಟೇನ್‌ಲೆಸ್ ಇರಲಿ.

ಡೈಹೆಡ್ರಲ್, ಅಂದರೆ ರೆಕ್ಕೆ ತುದಿಯ ಕಡೆಗೆ ಮೇಲಕ್ಕೆ ಏರುವ ವಿಷಯವನ್ನು ಮೊದಲೇ ನೋಡಿಕೋ. ಪಿಟ್ಸ್ ತರಹದ ಕಸರತ್ತಿನ ಬೈಪ್ಲೇನುಗಳಲ್ಲಿ ಮೇಲಿನ ರೆಕ್ಕೆ ಮಟ್ಟಸ, ಕೆಳಗಿನದ್ದು ಮಾತ್ರ ತುದಿಯ ಕಡೆ ಸ್ವಲ್ಪ ಏರು. ಪೈಪು ಆ ಏರನ್ನೇ ಹಿಡಿದು ಹೋದರೆ ಎರಡೂ ಬೇರೆ ದಿಕ್ಕಿಗೆ ನೋಡುತ್ತವೆ, ಗೂಡು ಒಟ್ಟಿಗೆ ತೂರುವುದೇ ಇಲ್ಲ. ನಿನ್ನದೂ ಹಾಗಿದ್ದರೆ ಕಂಬವನ್ನು ಮೇಲಿನ ರೆಕ್ಕೆಗೆ ಕೀಲು ಹಾಕಿ ಮಡಚುವ ಹಾಗೆ ಮಾಡು. ರೆಕ್ಕೆಗಳನ್ನು ಒಂದೊಂದಾಗಿ ತೂರಿಸಿ, ಕಂಬ ಕೆಳಗಿಳಿಸಿ, ಒಂದು ಪಿನ್ನು, ಅದು ಜಾರದಂತೆ ಒಂದು ಆರ್-ಕ್ಲಿಪ್ಪು. ಗೂಡಿನಷ್ಟು ಬೇಗ ಆಗುವುದಿಲ್ಲ, ಆದರೂ ಹುಲ್ಲಿನಲ್ಲಿ ಸ್ಕ್ರೂ ಹುಡುಕುವುದು ತಪ್ಪುತ್ತದೆ.

ಅಯಸ್ಕಾಂತ ಹಾಕಲಾ ಅಂತ ಕೇಳಿದ್ದೆ. ಬ್ಯಾಟರಿ ಮುಚ್ಚಳಕ್ಕೆ ಹಾಕು, ರೆಕ್ಕೆಗೆ ಬೇಡ. ತಂತಿ ಬರೀ ಚಂದಕ್ಕಾದರೆ ಎಲಾಸ್ಟಿಕ್ ದಾರ ಸಾಕು.

ಇನ್ನು ಏಲರಾನ್, ಅಂದರೆ ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಪಟ್ಟಿ. ಕೆಳಗಿನ ಏಲರಾನಿನಿಂದ ಮೇಲಿನದಕ್ಕೆ ಸಣ್ಣ ಸರಳು ಕೊಟ್ಟರೆ ಒಂದು ಕಡೆಗೆ ಒಂದೇ ಸರ್ವೋ. ಗೂಡು ಬಿಚ್ಚದಿದ್ದರೆ ಸರಳನ್ನೂ ಬಿಚ್ಚುವುದಿಲ್ಲ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಟೇಪು ಸುತ್ತಿಡು. ಜೋಡಿಸಿದ ಮೇಲೆ ಪ್ರತಿ ಸಲ ರಿಮೋಟಿನ ಸ್ಟಿಕ್ ಬಲಕ್ಕೆ ತಳ್ಳಿ ನೋಡು, ಬಲಗಡೆಯ ಏಲರಾನ್ ಮೇಲೇಳಬೇಕು. ಇದನ್ನು ಬಿಟ್ಟು ಹಾರಿಸಬೇಡ, ಎಷ್ಟೇ ಅವಸರ ಇದ್ದರೂ.

ಟಾಗೋರ್ ಬೀಚಿನಲ್ಲಿ ನಿಂತಿರುವ ನೌಕಾಪಡೆಯ ಹಳೆಯ ಟ್ಯುಪೊಲೆವ್ 142 ವಿಮಾನದ ಮುಂದೆ ಆಯಿ ನಿಂತ ಫೋಟೋ ನೋಡಿದೆ. ಅದನ್ನೂ ಅರಕ್ಕೋಣಂನಲ್ಲಿ ಬಿಚ್ಚಿ, ತುಂಡು ತುಂಡಾಗಿ ರಸ್ತೆಯಲ್ಲಿ ತಂದು ಅಲ್ಲಿ ಜೋಡಿಸಿದ್ದು. ರೆಕ್ಕೆಯ ತುದಿಯಿಂದ ತುದಿಗೇ ಸುಮಾರು 50 ಮೀಟರ್, ನಿನ್ನ ಕಷ್ಟ ಏನು ಮಹಾ. ಆದರೆ ಅದೇ ಬೀಚಿನಲ್ಲಿ ನಿನ್ನದನ್ನು ಹಾರಿಸುವ ಯೋಚನೆ ಬಿಡು. ಕದಂಬ ನೌಕಾನೆಲೆ ಇರುವ ಊರು ಅದು, ಸುಮ್ನೆ ಪೊಲೀಸರಿಗೆ ಉತ್ತರ ಕೊಡುತ್ತಾ ಕೂರಬೇಕು. ಶಿರಸಿ ಕಡೆ ಮಾವನ ಮನೆಯ ಹತ್ತಿರ ಕೊಯ್ಲಾದ ಗದ್ದೆ ನೋಡು, ಅಲ್ಲೂ ಮೊದಲು ನಿಯಮ ಕೇಳಿಕೊಂಡೇ. ದೇವಿಮನೆ ಘಾಟಿಯ ತಿರುವುಗಳಲ್ಲಿ ಗೂಡು ಉರುಳಾಡದ ಹಾಗೆ ಕಂಬಗಳ ನಡುವೆ ಫೋಮ್ ತುರುಕು. ಅಪ್ಪಯ್ಯನ ಓಮ್ನಿಯ ಹಿಂದಿನ ಸೀಟು ತೆಗೆದರೆ ಎರಡೂ ಗೂಡು ಹಿಡಿಸುತ್ತವೆ. ಅವರ ಅಡಿಕೆ ಮೂಟೆ ಇಲ್ಲದ ದಿನ ನೋಡಿ ಕೇಳು.

ಎರಡೂ ರೆಕ್ಕೆಯ ಏರು ಅಳೆದು, ಎದುರಿನಿಂದ ಒಂದು ಫೋಟೋ ತೆಗೆದು ಕಳಿಸು. ಅಲ್ಲಿಯವರೆಗೆ ಪೈಪು ತಗೋಬೇಡ.

ನಿನ್ನ ಅಣ್ಣ