ಹಾಡಿನ ಜೊತೆ ಬರೆದವರ ಹೆಸರೂ ಕೇಳಿಸಲಿ

ಮಾನ್ಯ ಸಂಪಾದಕರೇ,

ಅರವತ್ತೆಂಟು ವರ್ಷದ ನಾನು ಶಾಲೆಗೆ ಹೋಗುತ್ತಿದ್ದ ದಿನಗಳಿಂದಲೂ ಹಳೆಯದು, ಹೊಸದು ಎಂಬ ಭೇದವಿಲ್ಲದೆ ಕನ್ನಡದ ಹಾಡುಗಳನ್ನು ಕೇಳುತ್ತ ಬಂದವನು. ಬೆಳಿಗ್ಗೆ ಪಿ. ಕಾಳಿಂಗರಾವ್ ಅವರ ಹಾಡು, ಮಧ್ಯಾಹ್ನ ಪಿ.ಬಿ. ಶ್ರೀನಿವಾಸ್ ಅಥವಾ ಎಸ್. ಜಾನಕಿ, ಸಂಜೆ ಮೈಸೂರು ಅನಂತಸ್ವಾಮಿಯವರ ಭಾವಗೀತೆ, ರಾತ್ರಿ ಮೊಮ್ಮಗ ಕೇಳಿಸುವ ರ‍್ಯಾಪ್ ಎಲ್ಲವೂ ಒಂದೇ ದಿನದಲ್ಲಿ ನನಗೆ ಹಿತವಾಗಿಯೇ ಇರುತ್ತವೆ. ಇಷ್ಟು ಬಗೆಯ ಹಾಡುಗಳ ಕಡೆಗೆ ನನ್ನನ್ನು ಕರೆದೊಯ್ದವರು ಯಾರು ಎಂದು ಯೋಚಿಸಿದಾಗ ಮೊದಲು ನೆನಪಾಗುವವರು ಆಕಾಶವಾಣಿಯ ಉದ್ಘೋಷಕರು.

ನಮ್ಮ ಮನೆಯಲ್ಲಿ ಭದ್ರಾವತಿ ಕೇಂದ್ರದ ಚಿತ್ರಗೀತೆಗಳನ್ನು ತಪ್ಪದೆ ಹಾಕುತ್ತಿದ್ದರು. ಪ್ರತಿ ಹಾಡಿಗೂ ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಎಂದು ನಾಲ್ಕು ವಿವರಗಳನ್ನು ಹೇಳಲು ಉದ್ಘೋಷಕರಿಗೆ ಹತ್ತು ಸೆಕೆಂಡೂ ಬೇಕಾಗುತ್ತಿರಲಿಲ್ಲ. 1967ರ ‘ಬೆಳ್ಳಿಮೋಡ’ ಚಿತ್ರದ ‘ಮೂಡಲ ಮನೆಯ’ ಹಾಡಿನೊಂದಿಗೆ ದ.ರಾ. ಬೇಂದ್ರೆ ಎಂಬ ಹೆಸರನ್ನು ಕೇಳಿದ್ದರಿಂದಲೇ ನಾನು ಊರಿನ ಗ್ರಂಥಾಲಯದಲ್ಲಿ ಅವರ ಕವನ ಸಂಕಲನ ಕೇಳಿ ಪಡೆದೆ. ‘ದೋಣಿ ಸಾಗಲಿ’ ಸಿನಿಮಾ ಹಾಡಾಗುವ ಮೊದಲೇ ಕುವೆಂಪು ಅವರ ಕವಿತೆಯಾಗಿತ್ತು ಎಂದು ತಿಳಿದದ್ದೂ ಹಾಗೆಯೇ. ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಅವರ ಹೆಸರು ಹಿಡಿದು ಹೊರಟವನು ‘ಗೆಜ್ಜೆಪೂಜೆ’ಯನ್ನೂ ‘ನಾಗರಹಾವು’ ಚಿತ್ರವನ್ನೂ ತಲುಪಿದೆ. ಇಳಯರಾಜ ಅವರು ಒಂದು ಕಾಲಕ್ಕೆ ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರು ಎಂದು ತಿಳಿದ ಮೇಲೆ, ಇಳಯರಾಜ ಸಂಗೀತ ನೀಡಿದ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಬೇರೆಯದೇ ಕಿವಿಯಿಂದ ಕೇಳತೊಡಗಿದೆ.

ಮುಂದೆ ಧ್ವನಿಸುರುಳಿಗಳು ಬಂದವು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಬಂದಾಗ ಕವಿಯ ಹೆಸರೇ ಅದರ ಆಕರ್ಷಣೆಯಾಗಿತ್ತು. 1987ರ ‘ಪ್ರೇಮಲೋಕ’ದ ಮಾತನ್ನೂ ಮಟ್ಟನ್ನೂ ಹಂಸಲೇಖ ಒಬ್ಬರೇ ಕಟ್ಟಿದ್ದರೆಂಬುದನ್ನು ನಾನು ಅರಿತದ್ದು ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಚಿಟ್ಟಿದ್ದ ಕಾಗದದಿಂದ. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದಾಗ ನನಗೆ ಐವತ್ತರ ಹತ್ತಿರ. ‘ಅನಿಸುತಿದೆ ಯಾಕೋ ಇಂದು’ ಹಾಡನ್ನು ಬರೆದವರು ನಾನು ಪ್ರೀತಿಯಿಂದ ಓದುತ್ತಿದ್ದ ಕತೆಗಾರ ಜಯಂತ ಕಾಯ್ಕಿಣಿ ಎಂದು ತಿಳಿಯದೇ ಹೋಗಿದ್ದರೆ, ಹೊಸಬರ ಹಾಡು ನಮಗಲ್ಲ ಎಂದು ಬಹುಶಃ ನಾನೂ ದೂರ ಉಳಿಯುತ್ತಿದ್ದೆ.

ಈಗ ಅನೇಕ ಎಫ್‌.ಎಂ. ವಾಹಿನಿಗಳಲ್ಲಿ ಒಂದು ಹಾಡು ಮುಗಿಯುವ ಮುನ್ನವೇ ಇನ್ನೊಂದು ಶುರುವಾಗುತ್ತದೆ. ನಡುವೆ ಜಾಹೀರಾತಿಗೂ ಹರಟೆಗೂ ಸಮಯವಿದೆ, ಬರೆದವರ ಹೆಸರಿಗೆ ಇಲ್ಲ. ಮೊಬೈಲ್‌ ಆ್ಯಪ್‌ಗಳಲ್ಲಿ ನಾಯಕನ ಚಿತ್ರವೂ ಗಾಯಕರ ಹೆಸರೂ ಎದ್ದು ಕಾಣುತ್ತವೆ, ಸಾಹಿತ್ಯ ಯಾರದೆಂದು ಹುಡುಕಬೇಕಾಗುತ್ತದೆ. ಕಳೆದ ವರ್ಷ ಪದವಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳು ಕಾಲೇಜಿನ ಸಮಾರಂಭದಲ್ಲಿ ‘ಯಾವ ಮೋಹನ ಮುರಳಿ’ಯನ್ನು ಬಹಳ ಚೆನ್ನಾಗಿ ಹಾಡಿದಳು. ಅದು ‘ಅಮೆರಿಕ ಅಮೆರಿಕ’ ಚಿತ್ರದ ಹಾಡೆಂದು ಆಕೆಗೆ ಗೊತ್ತಿತ್ತು. ಗೋಪಾಲಕೃಷ್ಣ ಅಡಿಗರ ಕವಿತೆಯೆಂದು ಗೊತ್ತಿರಲಿಲ್ಲ. ಅದನ್ನು ಹೇಳಿದ ದಿನವೇ ಆಕೆ ನನ್ನಿಂದ ಅಡಿಗರ ಪುಸ್ತಕ ಒಯ್ದಳು. ತಪ್ಪು ಆ ಮಗುವಿನದಲ್ಲ. ಅವಳು ಅಷ್ಟು ಸಲ ಕೇಳಿದ ಹಾಡಿನ ಜೊತೆಯಲ್ಲಿ ಯಾರೂ ಒಮ್ಮೆಯೂ ಆ ಹೆಸರನ್ನು ಹೇಳಿರಲಿಲ್ಲ.

ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕರ್ತೃವಿಗೆ ಉಳಿಸಿದೆ. 2012ರ ತಿದ್ದುಪಡಿಯು ಗೀತರಚನಕಾರರ ಮತ್ತು ಸಂಗೀತ ಸಂಯೋಜಕರ ಗೌರವಧನದ ಹಕ್ಕನ್ನೂ ಬಲಪಡಿಸಿತು. ಹಣದ ವಿಷಯವನ್ನು ಬಲ್ಲವರು ನೋಡಿಕೊಳ್ಳಲಿ. ಕೇಳುಗನಾಗಿ ನಾನು ಕೇಳುವುದು ಹೆಸರನ್ನು ಮಾತ್ರ. ಖಾಸಗಿ ವಾಹಿನಿಗಳು ಪ್ರತಿ ಹಾಡಿಗೂ ಆ ಹತ್ತು ಸೆಕೆಂಡು ಕೊಡಲಿ, ಆಕಾಶವಾಣಿ ತನ್ನ ಹಳೆಯ ಪದ್ಧತಿಯನ್ನು ಯಾವ ಕಾರ್ಯಕ್ರಮದಲ್ಲೂ ಬಿಡದಿರಲಿ, ಆ್ಯಪ್‌ ನಡೆಸುವವರು ಗಾಯಕರ ಹೆಸರಿನ ಪಕ್ಕದಲ್ಲೇ ಕವಿಯ ಹೆಸರನ್ನೂ ಕಾಣಿಸಲಿ.

ತಮ್ಮ ಪತ್ರಿಕೆಯ ಸಿನಿಮಾ ಪುಟದಲ್ಲಿಯೂ ಹೊಸ ಹಾಡಿನ ಸುದ್ದಿ ಬಂದಾಗ, ಎಷ್ಟು ಲಕ್ಷ ಜನ ನೋಡಿದರೆಂಬ ಲೆಕ್ಕಕ್ಕಿಂತ ಮೊದಲು ಅದನ್ನು ಬರೆದವರ ಹೆಸರನ್ನು ಮುದ್ರಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಹಳೆಯ ಕೇಳುಗ, ಶಿವಮೊಗ್ಗ